ಅಜುಲಾಳಿಗೆ ಸಮಜಾಯಿಷಿ ಬೇಡ

ಕಥೆಯೊಳಗಿನ ಒಂದು ಪಾತ್ರವನ್ನು ಕೊಲ್ಲುವುದಕ್ಕೆ ಎರಡು ದಾರಿಗಳಿವೆ. ಅದನ್ನು ಪೂರಾ ಕೆಟ್ಟದ್ದೆಂದು ಸಾರಿಬಿಡುವುದು ಒಂದು. ಅದು ಮಾಡಿದ ಪ್ರತಿಯೊಂದು ಕೆಡುಕಿಗೂ ಒಂದು ಸಮಜಾಯಿಷಿಯನ್ನು ಒದಗಿಸಿಬಿಡುವುದು ಇನ್ನೊಂದು. ಮೊದಲನೆಯದನ್ನು ನಾವು ಸುಲಭವಾಗಿ ಗುರುತಿಸುತ್ತೇವೆ, ಅಗ್ಗದ ಬರವಣಿಗೆ ಎಂದು ಮೂಗು ಮುರಿಯುತ್ತೇವೆ. ಎರಡನೆಯದು ಬಂದಾಗ ಮಾತ್ರ ಅದರ ಕರುಣೆಗೆ ಮಾರುಹೋಗಿ, 'ಎಷ್ಟು ಸಂಕೀರ್ಣವಾದ ಚಿತ್ರಣ' ಎಂದು ತಲೆದೂಗುತ್ತೇವೆ. ಈ ತಲೆದೂಗುವಿಕೆಗೆ ನಮ್ಮ ವಿರೋಧವಿದೆ. ಎರಡು ದಾರಿಗಳೂ ಕೊನೆಗೆ ಸೇರುವುದು ಒಂದೇ ಊರನ್ನು. ಎರಡರಲ್ಲಿಯೂ ಆ ಪಾತ್ರಕ್ಕೆ ತನ್ನ ಕೆಲಸದ ಹೊಣೆ ಹೊರುವ ಅವಕಾಶ ಇರುವುದಿಲ್ಲ.

ನಾವು ಮಾತಾಡಹೊರಟಿರುವುದು 'ಅವತಾರ್: ದ ಲಾಸ್ಟ್ ಏರ್‌ಬೆಂಡರ್' ಎಂಬ ಅಮೆರಿಕದ ಅನಿಮೇಷನ್ ಸರಣಿಯ ಬಗ್ಗೆ ಮತ್ತು ಅದು ಮುಗಿದ ಮೇಲೆ ಅದರ ಕಥೆಯನ್ನು ಮುಂದುವರಿಸಿದ ಕಾಮಿಕ್ಸ್ ಪುಸ್ತಕಗಳ ಬಗ್ಗೆ. ಕನ್ನಡದ ಸಾಹಿತ್ಯ ಬಳಗವೊಂದರ ಪುಟದಲ್ಲಿ ಮಕ್ಕಳ ಕಾರ್ಟೂನಿಗೇನು ಕೆಲಸ ಎಂದು ಹಿರಿಯರು ಕೇಳಬಹುದು. ಅವರಿಗೆ ನಮ್ಮ ಉತ್ತರ ನೇರವಾದದ್ದು. ಹೊರನಾಡಿನಲ್ಲಿರುವ ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿಲ್ಲ, ಯಕ್ಷಗಾನದ ಕೌರವನನ್ನು ರಾತ್ರಿಯಿಡೀ ಕೂತು ನೋಡಿಲ್ಲ. ಅವರಿಗೆ ಧರ್ಮಸಂಕಟ ಎಂಬುದರ ಮೊದಲ ಪಾಠವಾಗುತ್ತಿರುವುದು ಇಂಥ ಕಥೆಗಳಲ್ಲಿ. ಮಕ್ಕಳ ಪುರಾಣ ಯಾವುದೋ ಅದನ್ನು ದೊಡ್ಡವರು ಗಂಭೀರವಾಗಿ ಓದಬೇಕು, ಬೇಕಾದಲ್ಲಿ ಜಗಳವನ್ನೂ ಆಡಬೇಕು.

ಮೊದಲು ಕಥೆಯ ಸ್ಥೂಲ ಪರಿಚಯ. ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್‌ಕೊ ಎಂಬಿಬ್ಬರು ಸೃಷ್ಟಿಸಿದ ಈ ಸರಣಿ 2005ರಿಂದ 2008ರವರೆಗೆ ನಿಕಲೋಡಿಯನ್ ವಾಹಿನಿಯಲ್ಲಿ ಪ್ರಸಾರವಾಯಿತು. ಒಟ್ಟು 61 ಕಂತುಗಳು. ನೀರು, ಭೂಮಿ, ಬೆಂಕಿ ಎಂಬ ಮೂರು ಕಾಂಡಗಳು. ಗಾಳಿ, ನೀರು, ಭೂಮಿ, ಬೆಂಕಿಗಳನ್ನು ಪಳಗಿಸಬಲ್ಲ ನಾಲ್ಕು ಜನಾಂಗಗಳ ಲೋಕದಲ್ಲಿ ಬೆಂಕಿಯ ರಾಷ್ಟ್ರವು ನೂರು ವರ್ಷಗಳಿಂದ ಉಳಿದವರ ಮೇಲೆ ಯುದ್ಧ ಹೂಡಿದೆ. ಅದನ್ನು ನಿಲ್ಲಿಸಬೇಕಾದವನು ಆಂಗ್ ಎಂಬ ಹುಡುಗ. ಆದರೆ ಕಥೆಯ ಜೀವ ಇರುವುದು ಬೆಂಕಿಯ ಅರಮನೆಯ ಇಬ್ಬರು ಮಕ್ಕಳಲ್ಲಿ. ಅಣ್ಣ ಝೂಕೊ, ಅವನಿಗೆ 16. ತಂಗಿ ಅಜುಲಾ, ಅವಳಿಗೆ 14. ತಂದೆ ಓಜೈ ಮಗನ ಮುಖವನ್ನು ಸುಟ್ಟು ಗಡೀಪಾರು ಮಾಡಿದವನು, ಮಗಳನ್ನು ಹರಿತವಾದ ಆಯುಧದಂತೆ ಮಸೆದವನು. ತಾಯಿ ಉರ್ಸಾ ಒಂದು ರಾತ್ರಿ ಕಾಣೆಯಾದವಳು.

ಈ ಸರಣಿ ಝೂಕೊನನ್ನು ನಡೆಸಿಕೊಂಡ ರೀತಿಯನ್ನು ಗಮನಿಸಿ. ಎರಡನೆಯ ಕಾಂಡದ ಕೊನೆಯಲ್ಲಿ ಅವನಿಗೆ ಸರಿದಾರಿ ಕಾಣಿಸುತ್ತದೆ. ತಂದೆಗಿಂತ ಹೆಚ್ಚಾಗಿ ಸಾಕಿದ ದೊಡ್ಡಪ್ಪ ಐರೋ ಪಕ್ಕದಲ್ಲಿಯೇ ಇದ್ದಾನೆ. ಆದರೂ ಅವನು ಕಣ್ಣು ತೆರೆದುಕೊಂಡೇ ತಪ್ಪು ಪಕ್ಷವನ್ನು ಆರಿಸಿಕೊಳ್ಳುತ್ತಾನೆ, ದೊಡ್ಡಪ್ಪ ಸೆರೆಯಾಗುತ್ತಾನೆ. ಬಯಸಿದ್ದೆಲ್ಲ ಸಿಕ್ಕ ಮೇಲೆ ಅರಮನೆಯಲ್ಲಿ ಕೂತು ಅವನು ಬೇಯುತ್ತಾನೆ. ಸೂರ್ಯಗ್ರಹಣದ ದಿನ ತಂದೆಯ ಎದುರು ನಿಂತು ಮಾತಾಡಿ ಹೊರಬೀಳುತ್ತಾನೆ. ಅವನ ಗಾಯ, ಗಡೀಪಾರು, ತಾಯಿಯಿಲ್ಲದ ಬಾಲ್ಯ ಎಲ್ಲವನ್ನೂ ಸರಣಿ ನಮಗೆ ತಿಳಿಸುತ್ತದೆ. ಆದರೆ ಅವುಗಳಲ್ಲಿ ಒಂದನ್ನೂ ಅವನ ತಪ್ಪಿಗೆ ರಿಯಾಯಿತಿಯಾಗಿ ಬಳಸುವುದಿಲ್ಲ. ನೈತಿಕ ಸಂಕೀರ್ಣತೆ ಎಂದರೆ ನಮ್ಮ ಮಟ್ಟಿಗೆ ಇದು: ಕಾರಣಗಳೂ ಇವೆ, ಹೊಣೆಯೂ ಇದೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಅಜುಲಾಳನ್ನೂ ಮೂಲ ಸರಣಿ ಹೀಗೆಯೇ ಕಂಡಿತ್ತು. ಅಭೇದ್ಯವೆನಿಸಿದ್ದ ಬಾ ಸಿಂಗ್ ಸೆ ನಗರವನ್ನು ಒಳಗಿನಿಂದಲೇ ಗೆದ್ದವಳು ಅವಳು, ಆಂಗ್‌ನ ಬೆನ್ನಿಗೆ ಸಿಡಿಲು ಹೊಡೆದವಳು ಅವಳು, ಧೂಮಕೇತು ಬಂದ ದಿನ ಭೂಮಿ ಸಾಮ್ರಾಜ್ಯವನ್ನೇ ಸುಟ್ಟುಬಿಡುವ ಯೋಚನೆಯನ್ನು ತಂದೆಯ ತಲೆಯಲ್ಲಿ ಬಿತ್ತಿದವಳೂ ಅವಳೇ. ಇಷ್ಟಾದರೂ ಸಮುದ್ರತೀರದ ಆ ಒಂದು ಕಂತಿನಲ್ಲಿ, ತಾಯಿ ತನ್ನನ್ನು ರಾಕ್ಷಸಿಯಂತೆ ಕಂಡಳೆಂಬ ನೋವನ್ನು ಅವಳು ಲಘುವಾಗಿ, ತಮಾಷೆಯೆಂಬಂತೆ ಆಡಿ ತೋರಿಸುತ್ತಾಳೆ. ಭಯದಿಂದ ಕಟ್ಟಿಹಾಕಿಕೊಂಡಿದ್ದ ಗೆಳತಿಯರು ಮೇ ಮತ್ತು ಟೈ ಲೀ ಸೆರೆಮನೆಯ ಅಂಗಳದಲ್ಲಿ ತಿರುಗಿಬೀಳುತ್ತಾರೆ. ತಂದೆ ತಾನು ಚಕ್ರವರ್ತಿಯಾಗಿ ಹೊರಟು, ಈಗ ಬೆಲೆಯಿಲ್ಲದ ಸಿಂಹಾಸನವನ್ನು ಅವಳಿಗೆ ಬಿಸುಟು ಹೋಗುತ್ತಾನೆ. ಕನ್ನಡಿಯಲ್ಲಿ ಇಲ್ಲದ ತಾಯಿ ಕಾಣಿಸುತ್ತಾಳೆ. ಕೊನೆಗೆ ಅಣ್ಣನೊಡನೆ 'ಅಗ್ನಿ ಕೈ' ಎಂಬ ದ್ವಂದ್ವಯುದ್ಧ, ಸೋಲು, ಸರಪಳಿ, ನೀಲಿ ಬೆಂಕಿಯ ಜೊತೆ ಹೊರಬರುವ ಅಳು. ಭಯವೊಂದನ್ನೇ ನಂಬಿ ಕಟ್ಟಿದ ಬದುಕು ತನ್ನ ತರ್ಕದಿಂದಲೇ ಕುಸಿಯುವುದನ್ನು ಸರಣಿ ತೋರಿಸಿತು. ಅದು ದುರಂತ, ಗೆದ್ದ ಝೂಕೊನ ಮುಖದಲ್ಲಿಯೂ ಆ ಹೊತ್ತಿಗೆ ಗೆಲುವು ಇರಲಿಲ್ಲ.

ಇಲ್ಲಿಂದ ಮುಂದಿನ ಕಥೆ ಡಾರ್ಕ್ ಹಾರ್ಸ್ ಪ್ರಕಾಶನದ ಕಾಮಿಕ್ಸ್‌ಗಳದ್ದು. 2012ರಿಂದ ಬಂದ 'ದ ಪ್ರಾಮಿಸ್', 'ದ ಸರ್ಚ್', 'ದ ರಿಫ್ಟ್', 'ಸ್ಮೋಕ್ ಅಂಡ್ ಷ್ಯಾಡೊ' ಮುಂತಾದವನ್ನು ಬರೆದವರು ಜೀನ್ ಲುವೆನ್ ಯಾಂಗ್, ಚಿತ್ರ ಬಿಡಿಸಿದವರು ಗುರಿಹಿರು ಎಂಬ ಜಪಾನಿನ ಜೋಡಿ. ಯಾಂಗ್ ಹಗುರ ಲೇಖಕರಲ್ಲ. ಅವರ 'ಅಮೆರಿಕನ್ ಬಾರ್ನ್ ಚೈನೀಸ್' 2006ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಸುತ್ತಿಗೆ ಬಂದ ಮೊದಲ ಚಿತ್ರಕಾದಂಬರಿ. ಮಾಹೆಯಲ್ಲಿ ಹುಟ್ಟಿದ ಮನೋಜ್ ನೈಟ್ ಶ್ಯಾಮಲನ್ ಇದೇ ಸರಣಿಯನ್ನು 2010ರಲ್ಲಿ ಚಲನಚಿತ್ರ ಮಾಡಿದಾಗ, ಏಷ್ಯಾದ ಚಹರೆಯ ಪಾತ್ರಗಳಿಗೆ ಬಿಳಿಯ ನಟರನ್ನು ಆರಿಸಿದ್ದನ್ನು ಯಾಂಗ್ ಬಹಿರಂಗವಾಗಿ ಪ್ರತಿಭಟಿಸಿದ್ದರು. ಮೂಲದ ಮೇಲಿನ ಅವರ ಪ್ರೀತಿಯನ್ನು ನಾವು ಶಂಕಿಸುತ್ತಿಲ್ಲ. ನಮ್ಮ ತಕರಾರಿರುವುದು ಆ ಪ್ರೀತಿ ಎಲ್ಲಿ ಧೈರ್ಯ ತೋರಿತು, ಎಲ್ಲಿ ಕೈಬಿಟ್ಟಿತು ಎಂಬುದರಲ್ಲಿ.

ಧೈರ್ಯ ತೋರಿದ ಕಡೆ ಮೆಚ್ಚೋಣ. 'ದ ಪ್ರಾಮಿಸ್' ಯುದ್ಧ ಗೆದ್ದ ಮರುದಿನದ ಕಥೆ. ಪಟ್ಟಕ್ಕೆ ಬಂದ ಝೂಕೊ ಗೆಳೆಯ ಆಂಗ್‌ನಿಂದ ಒಂದು ಮಾತು ಪಡೆಯುತ್ತಾನೆ: ತಾನೂ ತಂದೆಯಂತಾದರೆ ತನ್ನನ್ನು ಕೊಂದುಬಿಡಬೇಕು. ಗೆದ್ದವರೆಲ್ಲ ಸೇರಿ ಭೂಮಿ ಸಾಮ್ರಾಜ್ಯದೊಳಗಿನ ಬೆಂಕಿಯವರ ವಸಾಹತುಗಳನ್ನು ತೆರವುಗೊಳಿಸಲು ಹೊರಡುತ್ತಾರೆ. ನ್ಯಾಯದ ದೃಷ್ಟಿಯಿಂದ ಇದು ಸರಿಯೆಂದೇ ತೋರುತ್ತದೆ, ಕಿತ್ತುಕೊಂಡದ್ದನ್ನು ಮರಳಿ ಕೊಡಬೇಕಲ್ಲ! ಆದರೆ ಯೂ ದಾವ್ ಎಂಬ ಅತಿ ಹಳೆಯ ವಸಾಹತಿನಲ್ಲಿ ನೂರು ವರ್ಷಗಳಿಂದ ಎರಡೂ ಜನ ಬೆರೆತುಹೋಗಿದ್ದಾರೆ. ಅಲ್ಲಿನ ಮೇಯರ್ ಬೆಂಕಿಯವನು, ಅವನ ಹೆಂಡತಿ ಭೂಮಿಯವಳು, ಅವರ ಮಗಳು ಕೋರಿ ತಾಯಿಯಂತೆ ಭೂಮಿಯನ್ನು ಪಳಗಿಸಬಲ್ಲವಳು. ಅವಳನ್ನು ಯಾವ 'ತವರಿಗೆ' ಕಳಿಸುವುದು? ತನ್ನ ಊರನ್ನು ಉಳಿಸಿಕೊಳ್ಳಲು ಅವಳು ಝೂಕೊನ ಜೀವಕ್ಕೇ ಕೈ ಹಾಕುತ್ತಾಳೆ. ಝೂಕೊ ಕೊಟ್ಟ ಮಾತಿನಿಂದ ಹಿಂದೆ ಸರಿಯುತ್ತಾನೆ, ನಿದ್ರೆ ಕಳೆದುಕೊಳ್ಳುತ್ತಾನೆ, ಗುಟ್ಟಾಗಿ ಸೆರೆಮನೆಗೆ ಹೋಗಿ ತಂದೆಯ ಸಲಹೆ ಕೇಳುತ್ತಾನೆ. ಆ ಗುಟ್ಟಿಗಾಗಿ ಮೇ ಅವನನ್ನು ತೊರೆಯುತ್ತಾಳೆ.

ಈ ಪುಸ್ತಕದಲ್ಲಿ ಯಾರೂ ಪೂರ್ತಿ ಸರಿಯಲ್ಲ, ಯಾರೂ ಪೂರ್ತಿ ತಪ್ಪಲ್ಲ, ಆದರೂ ಪ್ರತಿಯೊಬ್ಬರೂ ತಾವು ಮಾಡಿದ್ದಕ್ಕೆ ಹೊಣೆ. ಹಿಂದಿನ ಅವತಾರವಾದ ರೋಕುವೇ ಝೂಕೊನನ್ನು ಕೊಲ್ಲೆಂದಾಗಲೂ ಆಂಗ್ ಒಪ್ಪುವುದಿಲ್ಲ, ಆ ಹಿರಿಯನೊಡನಿದ್ದ ನಂಟನ್ನೇ ಕಡಿದುಕೊಳ್ಳುತ್ತಾನೆ. ಹೊರನಾಡ ಕನ್ನಡಿಗರಾದ ನಮಗೆ ಕೋರಿಯ ಪ್ರಶ್ನೆ ಕಿವಿಗೆ ಬೇಗ ಬೀಳುತ್ತದೆ. ನಾವು ಯುದ್ಧ ಮಾಡಿ ಬಂದು ನೆಲೆಸಿದವರಲ್ಲ, ಹೊಟ್ಟೆಪಾಡಿಗೆ, ವರ್ಗಾವಣೆಗೆ, ವ್ಯಾಪಾರಕ್ಕೆ ಬಂದವರು. ಹೋಲಿಕೆಯನ್ನು ಅದಕ್ಕಿಂತ ಮುಂದೆ ಎಳೆಯಬಾರದು. ಆದರೆ ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಹುಟ್ಟಿ, ಅಲ್ಲಿಯ ಭಾಷೆಯಲ್ಲಿ ಕನಸು ಕಾಣುವ ಮಗುವಿಗೆ 'ನಿನ್ನ ಊರು ಯಾವುದು' ಎಂದು ಕೇಳಿದಾಗ ಆಗುವ ತಡವರಿಕೆ ನಮಗೆ ಗೊತ್ತು. 1956ರಲ್ಲಿ ಭಾಷೆಯ ಆಧಾರದಲ್ಲಿ ಗಡಿ ಎಳೆದವರಿಗೂ ಬೆರೆತ ಊರುಗಳ ಮುಂದೆ ಗೆರೆ ನೇರವಾಗಿ ಬರಲಿಲ್ಲ. ಮಕ್ಕಳ ಕಾಮಿಕ್ಸೊಂದು ಈ ಪ್ರಶ್ನೆಯನ್ನು ಪರಿಹರಿಸಿದಂತೆ ನಟಿಸದೆ, ಹೊಸ ಬಗೆಯ ಆಡಳಿತವೊಂದರ ಮಾತುಕತೆಯವರೆಗೆ ಮಾತ್ರ ತಂದು ನಿಲ್ಲಿಸಿತಲ್ಲ, ಅದು ದೊಡ್ಡದು.

ಇಂಥ ಕೈಯೇ ಅರಮನೆಯ ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ನಡುಗಿತು ಎಂಬುದು ನಮ್ಮ ಆರೋಪ.

2013ರ 'ದ ಸರ್ಚ್' ಉರ್ಸಾಳ ಕಥೆ. ಮೂಲ ಸರಣಿಯಲ್ಲಿ ನಮಗೆ ತಿಳಿದಿದ್ದದ್ದು ಅಲ್ಪ: ಮಗನ ಜೀವ ಉಳಿಸಲು ಅವಳು ಯಾವುದೋ ರಾಜದ್ರೋಹ ಮಾಡಿದಳು, ಅದೇ ರಾತ್ರಿ ಮುದಿ ದೊರೆ ಅಜುಲಾನ್ ಸತ್ತ, ಅವಳು ಹೋದಳು. ಆ ಅಲ್ಪದಲ್ಲಿ ಎಷ್ಟೊಂದಿತ್ತು! ಒಬ್ಬ ಮಗನನ್ನು ಉಳಿಸಲು ಕೊಲೆಗೆ ಕೈ ಜೋಡಿಸಿದ ತಾಯಿ, ಆ ಕೊಲೆಯಿಂದಲೇ ಪಟ್ಟಕ್ಕೇರಿದ ಕ್ರೂರಿ ಗಂಡ, ಅವನ ಕೈಯಲ್ಲಿಯೇ ಉಳಿದುಹೋದ ಇಬ್ಬರು ಮಕ್ಕಳು. ಕಾಮಿಕ್ಸು ಈ ಮೌನವನ್ನು ವಿವರಗಳಿಂದ ತುಂಬಿತು. ಉರ್ಸಾ ಹಳ್ಳಿಯ ನಟನೊಬ್ಬನನ್ನು ಪ್ರೀತಿಸಿದ್ದಳು, ರೋಕುವಿನ ವಂಶದವಳೆಂಬ ಕಾರಣಕ್ಕೆ ಅವಳನ್ನು ಬಲವಂತವಾಗಿ ಓಜೈಗೆ ಕಟ್ಟಿದರು. ಇಲ್ಲಿಯವರೆಗೆ ಆಕ್ಷೇಪವಿಲ್ಲ. ಗಡೀಪಾರಾದ ಮೇಲೆ ಅವಳು 'ಮುಖಗಳ ತಾಯಿ' ಎಂಬ ದೇವತೆಯ ಬಳಿ ಹೋಗಿ ಹೊಸ ಮುಖವನ್ನು ಪಡೆಯುತ್ತಾಳೆ, ಮಕ್ಕಳ ನೆನಪನ್ನೂ ಅಳಿಸಿಕೊಳ್ಳುತ್ತಾಳೆ. ಹಳೆಯ ಪ್ರೇಮಿಯೊಡನೆ ಹೊಸ ಸಂಸಾರ ಹೂಡಿ ಇನ್ನೊಬ್ಬ ಮಗಳನ್ನು ಸಾಕುತ್ತಾಳೆ.

ಮರೆವಿನ ಈ ಉಪಾಯವನ್ನು ಕಂಡಾಗ ನಮ್ಮ ಓದುಗರಿಗೆ ತಟ್ಟನೆ ನೆನಪಾಗುವವನು ದುಷ್ಯಂತ. ಮಹಾಭಾರತದ ದುಷ್ಯಂತನಿಗೆ ಶಕುಂತಲೆ ಯಾರೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ತುಂಬಿದ ಸಭೆಯಲ್ಲಿ ಅವಳನ್ನು ನಿರಾಕರಿಸುತ್ತಾನೆ. ಕಾಳಿದಾಸ ದೂರ್ವಾಸನ ಶಾಪವನ್ನೂ ಉಂಗುರವನ್ನೂ ತಂದು ಆ ನಿರಾಕರಣೆಯನ್ನು ಮರೆವಿನ ತಲೆಗೆ ಕಟ್ಟಿದ, ನಾಯಕನನ್ನು ಪಾರುಮಾಡಿದ. ಆದರೆ ಕಾಳಿದಾಸ ಅಲ್ಲಿಗೇ ನಿಲ್ಲಲಿಲ್ಲ. ಆರನೆಯ ಅಂಕವನ್ನು ಬರೆದ. ನೆನಪು ಮರಳಿದ ದೊರೆ ಅದರಲ್ಲಿ ತನ್ನ ಕೃತ್ಯವನ್ನು ನೋಡಿಕೊಂಡು ಕುದಿಯುತ್ತಾನೆ. ಶಾಪದಿಂದ ಸಿಕ್ಕ ರಿಯಾಯಿತಿಯನ್ನು ಕವಿ ಪಶ್ಚಾತ್ತಾಪದಲ್ಲಿ ಬಡ್ಡಿಸಮೇತ ವಸೂಲು ಮಾಡಿದ. 'ದ ಸರ್ಚ್' ಶಾಪವನ್ನು ಎರವಲು ಪಡೆದು ಆರನೆಯ ಅಂಕವನ್ನು ಬಿಟ್ಟುಬಿಟ್ಟಿತು.

ಮರೆಯುವುದೂ ಉರ್ಸಾಳದೇ ಆಯ್ಕೆಯಲ್ಲವೆ, ನೋವು ತಾಳಲಾರದ ತಾಯಿಯೊಬ್ಬಳು ಮಕ್ಕಳನ್ನೇ ಮರೆಯಲು ಒಪ್ಪುವುದು ಘೋರವಾದ ಆಯ್ಕೆಯಲ್ಲವೆ ಎಂದು ಕೇಳುವವರಿದ್ದಾರೆ. ಹೌದು, ಆ ಪುಸ್ತಕದಲ್ಲಿರುವ ಶ್ರೇಷ್ಠ ಕಲ್ಪನೆಯೇ ಅದು. ಆದರೆ ತನ್ನ ಶ್ರೇಷ್ಠ ಕಲ್ಪನೆಗೆ ಪುಸ್ತಕವೇ ಹೆದರಿತು. ಅಜುಲಾ ತಾಯಿಯನ್ನು ಹುಡುಕಿಕೊಂಡು ಬಂದು ಕೊಲ್ಲಲು ನಿಂತ ಗಳಿಗೆಯಲ್ಲಿ, ನೆನಪಿಲ್ಲದ ಉರ್ಸಾ ಅವಳಿಗೆ ಹೇಳುವುದು ಇಷ್ಟು: ನಾನು ನಿನ್ನ ತಾಯಿಯಾಗಿದ್ದದ್ದು ನಿಜವಾದರೆ, ಸಾಕಷ್ಟು ಪ್ರೀತಿ ಕೊಡದ್ದಕ್ಕೆ ಕ್ಷಮಿಸು. ಓದುಗರು ಕಣ್ಣೊರೆಸಿಕೊಂಡ ದೃಶ್ಯ ಇದು. ಆದರೆ ನೆನಪಿಲ್ಲದವಳ ಕ್ಷಮಾಪಣೆಗೆ ಬೆಲೆಯೇನು? ಪಶ್ಚಾತ್ತಾಪ ಎಂಬ ಪದದಲ್ಲಿಯೇ 'ಆಮೇಲೆ ಬರುವ ಬೇಗೆ' ಎಂಬ ಅರ್ಥವಿದೆ. ಆಮೇಲೆ ಎಂಬುದು ಇರಬೇಕಾದರೆ ಮೊದಲು ಎಂಬುದು ನೆನಪಿರಬೇಕು. ಇಲ್ಲಿ ಕ್ಷಮೆ ಕೇಳಿದವಳು ಆ ತಪ್ಪನ್ನು ಮಾಡಿದ ಉರ್ಸಾ ಅಲ್ಲ, ಮರ್ಯಾದೆಯುಳ್ಳ ಒಬ್ಬ ಅಪರಿಚಿತೆ. ನೆನಪು ಮರಳಿದ ಮೇಲೆ ಉರ್ಸಾ ಝೂಕೊನಿಗೆ ಹಳೆಯದನ್ನೆಲ್ಲ ಹೇಳಲು ಕೂರುತ್ತಾಳೆ, ಮುಂದೊಂದು ಪುಸ್ತಕದಲ್ಲಿ ಸೆರೆಯಲ್ಲಿರುವ ಓಜೈಯ ಎದುರಿಗೂ ಧೈರ್ಯವಾಗಿ ನಿಲ್ಲುತ್ತಾಳೆ. ಮಗಳ ಲೆಕ್ಕ ಮಾತ್ರ ಬಾಕಿ ಪುಸ್ತಕದಲ್ಲಿಯೇ ಉಳಿಯಿತು.

ಈಗ ಅಜುಲಾಳತ್ತ. ಕಾಮಿಕ್ಸ್‌ಗಳು ಆರಂಭವಾದಾಗ ಅವಳು ಮಾನಸಿಕ ಚಿಕಿತ್ಸಾಲಯವೊಂದರಲ್ಲಿ, ಕೈಗಳನ್ನು ಬಿಗಿದು ಕಟ್ಟುವ ಅಂಗಿಯೊಳಗೆ ಇದ್ದಾಳೆ. ಸರಣಿಯ ಕೊನೆಯಲ್ಲಿ ದುರಂತದ ಶಿಖರವಾಗಿ ಬಂದ ಚಿತ್ತಭ್ರಮೆ ಇಲ್ಲಿ ಕಥೆಯನ್ನು ತಳ್ಳುವ ಯಂತ್ರವಾಗುತ್ತದೆ. ತಾಯಿ ಎಲ್ಲೆಡೆ ಕಾಣಿಸುತ್ತಾಳೆ, ತಾಯಿಯ ಮೇಲಿನ ಸಂಶಯ ಅವಳನ್ನು ಕೆರಳಿಸುತ್ತದೆ, ಕೆರಳಿದವಳು ಸುಡುತ್ತಾಳೆ. ಅದೇ ಪುಸ್ತಕ ಝೂಕೊನಿಗೆ ಕೊಟ್ಟದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತಾಯಿ ಬರೆದ ಹಳೆಯ ಪತ್ರವೊಂದರಿಂದ ಅವನಿಗೆ ತಾನು ಓಜೈಯ ಮಗನಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ಆ ದುಷ್ಟ ರಕ್ತ ತನ್ನದಲ್ಲವೆಂಬ ಬಿಡುಗಡೆಯ ಆಸೆಯೂ ಹುಟ್ಟುತ್ತದೆ. ಕಾಮಿಕ್ಸು ಆ ಆಸೆಯನ್ನು ಬೆಳೆಸಿ, ಕೊನೆಗೆ ಮುರಿಯುತ್ತದೆ. ಪತ್ರದ ಮಾತು ಸುಳ್ಳು, ಅವನು ಓಜೈಯ ಮಗನೇ, ಆದರೂ ಒಳ್ಳೆಯವನಾಗುವ ಹೊಣೆ ಅವನದೇ. ಅಣ್ಣನಿಗೆ ರಕ್ತದ ನೆಪವನ್ನು ನಿರಾಕರಿಸಿದ ಪುಸ್ತಕವೇ ತಂಗಿಗೆ ರೋಗದ ನೆಪವನ್ನು ಕೈಯಾರೆ ಹಿಡಿಸುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ತಕ್ಕಡಿ!

ಸರ್ಕಾರಿ ಕೆಲಸದಲ್ಲಿರುವ ನಮ್ಮಂಥವರಿಗೆ ಸಮಜಾಯಿಷಿ ಎಂಬ ಪದದ ತೂಕ ಗೊತ್ತಿದೆ. ತಪ್ಪಾದಾಗ ನೋಟಿಸು ಬರುತ್ತದೆ, ನಾವು ಸಮಜಾಯಿಷಿ ಬರೆದುಕೊಡುತ್ತೇವೆ, ಅದು ತೃಪ್ತಿಕರವೆನಿಸಿದರೆ ಕಡತ ಮುಚ್ಚುತ್ತದೆ. ಕಡತ ಮುಚ್ಚಿದ ಮೇಲೆ ಆ ಮನುಷ್ಯನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕಚೇರಿಗೆ ಅದು ಸಾಕು. ಸಾಹಿತ್ಯದ ಕಡತ ಹೀಗೆ ಮುಚ್ಚಬಾರದು. ತಾಯಿ ಪ್ರೀತಿಸಲಿಲ್ಲ, ತಂದೆ ಕೆಡಿಸಿದ, ಮನಸ್ಸು ಕೆಟ್ಟಿತು ಎಂಬ ಮೂರು ಸಾಲಿನ ಟಿಪ್ಪಣಿ ಬರೆದು ಅಜುಲಾಳ ಕಡತವನ್ನು ವಿಲೇವಾರಿ ಮಾಡಿದರೆ, ಅದರಿಂದ ಅವಳಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ. ನಾವು ಅವಳಿಂದ ಪಾರಾದಂತಾಗುತ್ತದೆ, ಅಷ್ಟೆ.

ಹುಚ್ಚನ್ನು ದುರಂತ ಸಾಹಿತ್ಯ ಹೇಗೆ ಬಳಸಬಲ್ಲುದು ಎಂಬುದಕ್ಕೆ ಕನ್ನಡದಲ್ಲಿಯೇ ಮೇಲ್ಪಂಕ್ತಿಯಿದೆ. ಸೊಫೊಕ್ಲಿಸನ 'ಅಯಾಸ್' ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದರು. ಗ್ರೀಕ್ ಮೂಲದಲ್ಲಿ ಅಯಾಸ್ ದೇವತೆ ಕವಿಸಿದ ಭ್ರಮೆಯಲ್ಲಿ ದನಕುರಿಗಳನ್ನು ಶತ್ರುಗಳೆಂದು ಬಗೆದು ಕಡಿಯುತ್ತಾನೆ. ಆದರೆ ನಾಟಕದ ತೂಕವಿರುವುದು ಆ ಹುಚ್ಚಿನಲ್ಲಲ್ಲ. ಹುಚ್ಚು ಇಳಿದು, ಸುತ್ತ ಬಿದ್ದ ರಾಶಿಯನ್ನು ಕಂಡು, ತಾನಾರೆಂದು ಅರಿತ ಮೇಲೆ ಅವನು ಏನು ಮಾಡುತ್ತಾನೆ ಎಂಬುದರಲ್ಲಿದೆ. ಭ್ರಮೆಯಲ್ಲಿದ್ದವನಿಗೆ ನೈತಿಕ ಪ್ರಶ್ನೆಯನ್ನು ಕೇಳಲಾಗದು. ಎಚ್ಚೆತ್ತವನಿಗೆ ಮಾತ್ರ ಕೇಳಬಹುದು. ಕಾಮಿಕ್ಸ್‌ಗಳು ಅಜುಲಾಳ ಎಚ್ಚರವನ್ನು ತೋರಿಸುವುದೇ ಇಲ್ಲ. 'ಸ್ಮೋಕ್ ಅಂಡ್ ಷ್ಯಾಡೊ'ದ ಹೊತ್ತಿಗೆ ಅವಳು ಚಿಕಿತ್ಸಾಲಯದ ಹುಡುಗಿಯರನ್ನು ಕಟ್ಟಿಕೊಂಡು, ಪುರಾತನ ಪ್ರೇತಗಳ ವೇಷ ಹಾಕಿ, ಮಕ್ಕಳನ್ನು ಅಪಹರಿಸುವ ಚಾಣಾಕ್ಷ ಸಂಚುಗಾರ್ತಿಯಾಗಿದ್ದಾಳೆ. ರೋಗ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ. ಇದರಿಂದ ಮಕ್ಕಳ ಮನಸ್ಸಿನಲ್ಲಿ ಉಳಿಯುವ ಚಿತ್ರ ಯಾವುದು? ಮಾನಸಿಕ ಅಸ್ವಸ್ಥರೆಂದರೆ ಅಪಾಯಕಾರಿಗಳು, ಕತ್ತಲಲ್ಲಿ ಬಂದು ಮಕ್ಕಳನ್ನು ಹೊತ್ತೊಯ್ಯುವವರು ಎಂಬ ಹಳೆಯ ಗುಮ್ಮನ ಚಿತ್ರವೇ.

ಆ ಪುಸ್ತಕದಲ್ಲಿ ಒಂದು ಬಲವಾದ ಎಳೆಯಿದೆ ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ಅಪಹರಣಗಳಿಂದ ತತ್ತರಿಸಿದ ಝೂಕೊ ನಿಷೇಧಾಜ್ಞೆ ಹೇರುತ್ತಾನೆ, ಶಂಕಿತರನ್ನು ಹಿಡಿದು ಒಳಗೆ ಹಾಕಿಸುತ್ತಾನೆ, ಭಯದಿಂದ ಆಳುವ ದೊರೆಯ ಕಡೆಗೆ ಜಾರುತ್ತಾನೆ. ಅವನನ್ನು ಅಂಥ ದೊರೆಯನ್ನಾಗಿ ರೂಪಿಸುವುದೇ ಅಜುಲಾಳ ಉದ್ದೇಶ. ಕೊನೆಗೆ ಅವನು ಪ್ರಜೆಗಳ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. ಅಧಿಕಾರದ ಕುರಿತು ಇದಕ್ಕಿಂತ ಹಿತವಾದ ಪಾಠ ಮಕ್ಕಳಿಗೆ ಬೇಕಿಲ್ಲ. ಆದರೆ ಲಾಭ ಯಾರಿಗಾಯಿತು? ಮತ್ತೆ ಝೂಕೊನಿಗೆ. ಅಜುಲಾ ಇಲ್ಲಿ ಅಣ್ಣನ ಚಿನ್ನವನ್ನು ಪರೀಕ್ಷಿಸುವ ಒರೆಗಲ್ಲು. ಒರೆಗಲ್ಲಿಗೆ ತನ್ನದೇ ಆದ ಕಥೆಯಿರುವುದಿಲ್ಲ. ಕೆಲಸ ಮುಗಿದ ಮೇಲೆ ಅವಳು ಹೊಗೆಯಲ್ಲಿ ಮಾಯವಾಗುತ್ತಾಳೆ.

2023ರಲ್ಲಿ ಫೇತ್ ಎರಿನ್ ಹಿಕ್ಸ್ ಬರೆದು ಪೀಟರ್ ವಾರ್ಟ್‌ಮನ್ ಚಿತ್ರಿಸಿದ 'ಅಜುಲಾ ಇನ್ ದ ಸ್ಪಿರಿಟ್ ಟೆಂಪಲ್' ಬಂತು. ಮೊದಲ ಬಾರಿಗೆ ಅವಳ ಹೆಸರೇ ಪುಸ್ತಕದ ಹೆಸರಾಯಿತು. ಕಾಡಿನ ಗುಡಿಯೊಂದರಲ್ಲಿ ಅಲೌಕಿಕ ಶಕ್ತಿಯೊಂದು ಅವಳ ಹಿಂದಿನ ಬದುಕಿನವರ ರೂಪಗಳನ್ನು ಎದುರಿಗಿಟ್ಟು ಬದಲಾಗುವ ದಾರಿ ತೋರುತ್ತದೆ. ಅವಳು ತಿರಸ್ಕರಿಸುತ್ತಾಳೆ. ಉದ್ಧಾರವಾಗಲಿಲ್ಲವೆಂದು ಅನೇಕ ಅಭಿಮಾನಿಗಳು ಮುನಿದರು. ನಮಗೆ ಆ ತಿರಸ್ಕಾರವೇ ಹಿಡಿಸಿತು. ಹನ್ನೊಂದು ವರ್ಷಗಳ ಕಾಮಿಕ್ಸ್ ಬದುಕಿನಲ್ಲಿ ಅವಳು ಕಣ್ಣು ತೆರೆದುಕೊಂಡು ಮಾಡಿದ ಮೊದಲ ಆಯ್ಕೆ ಅದು. ಆದರೆ ಆಕ್ಷೇಪ ಇಲ್ಲಿಯೂ ಇದೆ. ಝೂಕೊ ಬದಲಾಗಲು ಮೂರು ಕಾಂಡಗಳು ಬೇಕಾದವು, ಐರೋನಂಥ ಮನುಷ್ಯ ಅವನ ಪಕ್ಕದಲ್ಲಿ ಚಹಾ ಕಾಸುತ್ತ, ಬೈಸಿಕೊಳ್ಳುತ್ತ, ಕಾಯುತ್ತ ಕೂತಿರಬೇಕಾಯಿತು. ಅಜುಲಾಳಿಗೆ ದೊರೆತದ್ದು ಒಂದು ತೆಳು ಪುಸ್ತಕ, ಒಂದು ಗುಡಿ, ತಾಯಿಯ ವೇಷದ ಒಂದು ಮಾಯೆ. ನಿಜವಾದ ಮನುಷ್ಯರೊಬ್ಬರೂ ಅವಳಿಗಾಗಿ ಕಾಯಲಿಲ್ಲ. ಸಂದರ್ಶನ ನಡೆಸಿ ಅನರ್ಹಳೆಂದು ಕಳಿಸಿದಂತಾಯಿತು.

ಅವಳು 14ರ ಹುಡುಗಿ ಎಂಬುದನ್ನು ಎರಡು ಬಣದವರೂ ತಮಗೆ ಬೇಕಾದಂತೆ ಬಳಸುತ್ತಾರೆ. ಚಿಕ್ಕವಳು, ಆದ್ದರಿಂದ ತಪ್ಪಿಲ್ಲ ಎನ್ನುವವರು ಒಂದು ಕಡೆ. ಅಷ್ಟು ಚಿಕ್ಕ ವಯಸ್ಸಿನಲ್ಲಿಯೇ ಇಷ್ಟು ಕ್ರೌರ್ಯ, ಆದ್ದರಿಂದ ಹುಟ್ಟಾ ದುಷ್ಟೆ ಎನ್ನುವವರು ಇನ್ನೊಂದು ಕಡೆ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ ಇವರಿಬ್ಬರಿಗಿಂತ ಪ್ರಬುದ್ಧವಾಗಿದೆ. ಹದಿನಾರು ತುಂಬದ ಮಗುವನ್ನು, ಅಪರಾಧ ಎಷ್ಟೇ ಘೋರವಾಗಿರಲಿ, ವಯಸ್ಕರಂತೆ ವಿಚಾರಣೆಗೆ ಗುರಿಪಡಿಸುವಂತಿಲ್ಲ. ಹಾಗೆಂದು ಅಪರಾಧವೇ ನಡೆದಿಲ್ಲ ಎಂದು ಆ ಕಾಯ್ದೆ ಹೇಳುವುದಿಲ್ಲ. ವಿಚಾರಣೆ ಉಂಟು, ಹೊಣೆ ಉಂಟು, ಮರಳಿ ಬರುವ ದಾರಿಯೂ ಉಂಟು. ಶುಷ್ಕ ಭಾಷೆಯ ಒಂದು ಕಾಯ್ದೆ ಹಿಡಿಯಬಲ್ಲ ಸಮತೋಲವನ್ನು ಕಥೆಗಾರರು ಹಿಡಿಯಲಾರರೆ?

ಹಿಡಿಯಬಲ್ಲರು, ಹಿಡಿದಿದ್ದಾರೆ. ಮುಂದುವರಿದ ಕಥೆಗಳಿಗೆ ಇಷ್ಟೇ ಸಾಧ್ಯ, ಮೂಲದ ನೆರಳಲ್ಲಿ ಬೆಳೆದ ಗಿಡ ಎತ್ತರ ಹೋಗದು ಎಂದು ವಾದಿಸುವವರಿಗೆ ಕನ್ನಡ ಸಾಹಿತ್ಯವೇ ಉತ್ತರ. ನಮ್ಮ ದೊಡ್ಡ ಕಾವ್ಯಗಳು ಬಹುಪಾಲು ಬೇರೆಯವರ ಕಥೆಯ ಮರುಕಥನಗಳೇ. ರನ್ನನ ದುರ್ಯೋಧನ ಹೆಣಗಳ ರಾಶಿಯ ನಡುವೆ ನಡೆಯುತ್ತಾನೆ. ತನಗಾಗಿ ಸತ್ತವರನ್ನು ಒಬ್ಬೊಬ್ಬರನ್ನಾಗಿ ಕಂಡು ಮರುಗುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. ಅವನ ಬಾಲ್ಯದ ನೋವಿನ ಪಟ್ಟಿಯನ್ನು ರನ್ನ ಕೊಡುವುದಿಲ್ಲ, ಅವನ ಹಟವನ್ನೂ ಕರಗಿಸುವುದಿಲ್ಲ. ನಾಗಚಂದ್ರನ ರಾವಣನಿಗೆ ಸೀತೆಯ ಮೇಲಿನ ಮೋಹ ಅಳಿಯುತ್ತದೆ, ಅವಳನ್ನು ಮರಳಿಸಬೇಕೆಂಬ ಅರಿವೂ ಮೂಡುತ್ತದೆ. ಆದರೆ ಈಗಲೇ ಕೊಟ್ಟರೆ ಹೆದರಿ ಕೊಟ್ಟಂತಾದೀತು, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎನ್ನುವ ಅಭಿಮಾನ ಅವನನ್ನು ಸಾವಿಗೆ ನಡೆಸುತ್ತದೆ. ಸರಿಯಾದುದನ್ನು ಕಂಡೂ ಬಾಗಲಾರದ ಆ ಕೊರಳು ಅಜುಲಾಳ ಕೊರಳಿಗೆ ಎಷ್ಟು ಹತ್ತಿರ! ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ರಾವಣನಿಗೆ ಮನಃಪರಿವರ್ತನೆಯ ದಾರಿಯನ್ನೇ ತೆರೆದರು. ಒಬ್ಬ ಕವಿ ದಾರಿ ಮುಚ್ಚಿದ, ಇನ್ನೊಬ್ಬ ತೆರೆದ, ಮತ್ತೊಬ್ಬ ಬಾಗಿಲವರೆಗೆ ತಂದು ನಿಲ್ಲಿಸಿದ. ಮೂವರೂ ಅಂತಿಮ ಹೆಜ್ಜೆಯನ್ನು ಪಾತ್ರದ ಕಾಲಿಗೇ ಬಿಟ್ಟರು.

ಆದ್ದರಿಂದ ನಮ್ಮ ಬೇಡಿಕೆ ಅಜುಲಾ ಒಳ್ಳೆಯವಳಾಗಬೇಕೆಂಬುದಲ್ಲ, ಶಿಕ್ಷೆಗೊಳಗಾಗಬೇಕೆಂಬುದೂ ಅಲ್ಲ. ಅವಳನ್ನು ರೋಗದ ನೆರಳಿನಿಂದಲೂ ಅಣ್ಣನ ನೆರಳಿನಿಂದಲೂ ಹೊರಗೆ ತಂದು, ತಾನು ಮಾಡಿದ್ದನ್ನು ತಾನೇ ನೋಡುವಂತೆ ನಿಲ್ಲಿಸಬೇಕೆಂಬುದು. ನೆನಪಿರುವ ತಾಯಿಯೊಬ್ಬಳು ಅವಳ ಎದುರಿಗೆ ಬರಬೇಕು, ಯಾರಾದರೊಬ್ಬರು ಅವಳಿಗಾಗಿಯೂ ಚಹಾ ಕಾಸಿ ಕಾಯಬೇಕು. ಆಮೇಲೆ ಅವಳು ಬಟ್ಟಲನ್ನು ತೆಗೆದುಕೊಳ್ಳಲಿ, ಇಲ್ಲವೇ ಒದ್ದು ಹೋಗಲಿ. ಅದು ಅವಳ ಹಕ್ಕು.

ಮನೆಯ ಮಗು ಈ ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು ಅಜುಲಾ ಒಳ್ಳೆಯವಳೋ ಕೆಟ್ಟವಳೋ ಎಂದು ಕೇಳಿದರೆ ದೊಡ್ಡವರು ಅವಸರದಲ್ಲಿ ತೀರ್ಪು ಕೊಡಬಾರದು, ಅವಳಮ್ಮ ಸರಿಯಿರಲಿಲ್ಲ ಎಂಬ ಸಮಜಾಯಿಷಿಯನ್ನೂ ಕೊಡಬಾರದು. ಅವಳಿಗೆ ಆರಿಸಿಕೊಳ್ಳುವ ಅವಕಾಶ ಯಾವಾಗ ಸಿಕ್ಕಿತು, ಆಗ ಅವಳು ಏನು ಮಾಡಿದಳು ಎಂದು ಮರಳಿ ಕೇಳಬೇಕು. ಉತ್ತರ ಹುಡುಕಲು ಮಗು ಪುಟಗಳನ್ನು ಹಿಂದಕ್ಕೆ ತಿರುವಲಿ. ಅಲ್ಲಿ ಉತ್ತರ ಸಿಗದಿದ್ದರೆ ಕೊರತೆ ಮಗುವಿನದಲ್ಲ, ಪುಸ್ತಕದ್ದು.